ಮೀನಿನ ಬಾಯಿ ನೋಡಿ ಗಾಳ ಕೊಳ್ಳಿ



ನಾವು ಹುಮನಾಬಾದ್ ತಾಲೂಕಿನ ಒಂದು ಕೆರೆದಂಡೆಯ ಊರಿನವರು. ಐದು ಮಂದಿ ಬಂದಿದ್ದೇವೆ. ಒಬ್ಬಳು ಮಾತು ಮರೆತರೆ ಇನ್ನೊಬ್ಬಳು ನೆನಪು ಮಾಡಿ ಕೊಡ್ತಾಳೆ ಅಂತ ಐದೂ ಮಂದಿ ಬಂದೆವು. ನಿಮ್ಮ ಹಾಗೆ ನಾವೂ ದೊಡ್ಡವರಾದ ಮೇಲೆ ಅಕ್ಷರ ಕಲಿತವರು. ಹಗಲು ಹೊಲ, ಮನೆ, ಮೀನಿನ ಬುಟ್ಟಿ. ರಾತ್ರಿ ಪುಸ್ತಕ.

ಬಸವಕಲ್ಯಾಣದ ನಿಮ್ಮ ಕೇಂದ್ರದವರು ನಮ್ಮನ್ನು ಕರೆದರು. ಮೀನು ಹಿಡಿಯುವ ಗಾಳ, ದಾರ ಹೇಗೆ ಕೊಳ್ಳಬೇಕು ಹೇಳ್ರಿ ಅಂದರು. ನಮಗೆ ನಗು ಬಂತು. ಗಾಳದ ಬಗ್ಗೆ ಏನು ಭಾಷಣ? ಎರೆಹುಳ ತೆಗಿ, ಗಾಳಕ್ಕ ಸಿಗಿಸು, ನೀರಾಗ ಒಗಿ. ಅಷ್ಟೇ ಅಲ್ಲವೇ?

ಅಷ್ಟೇ ಅಲ್ಲ. ಇದು ನಮಗೆ ರೊಕ್ಕ ಕಳಕೊಂಡ ಮೇಲೆ ಗೊತ್ತಾಯಿತು. ಆ ಕಥೆಯನ್ನೇ ಮೊದಲು ಹೇಳುತ್ತೇವೆ.

ಒಂದು ವರ್ಷ ಮಳೆ ಚೆನ್ನಾಗಿ ಆಗಿತ್ತು. ಕೆರೆ ತುಂಬಿತ್ತು. ದಂಡೆಯ ಜೊಂಡಿನಲ್ಲಿ ಕೊರವ ಮೀನು ಬಂದಿತ್ತು. ಕೊರವ ಗೊತ್ತಲ್ಲ? ಮರಾಠಿ ಮಾತಾಡುವವರು ಮರಳ ಅಂತಾರೆ. ತೆಲುಗು ಮಂದಿ ಕೊರಮೀನು ಅಂತಾರೆ. ಹಾವಿನಂಥ ತಲೆ. ಮುಳ್ಳು ಕಡಿಮೆ. ನೀರಿನಿಂದ ತೆಗೆದರೂ ಬೇಗ ಸಾಯುವುದಿಲ್ಲ, ಮೇಲಿನ ಗಾಳಿಯನ್ನೇ ಕುಡಿಯುತ್ತದೆ. ಜೀವಂತ ಮೀನನ್ನು ಕೊಡದಲ್ಲಿ ಹಾಕಿಕೊಂಡು ಸಂತೆಗೆ ಒಯ್ದರೆ ಬೇರೆ ಮೀನಿಗಿಂತ ಹೆಚ್ಚು ದರ ಸಿಗುತ್ತದೆ.

ನಮ್ಮ ಗುಂಪಿನ ಉಳಿತಾಯದ ರೊಕ್ಕದಲ್ಲಿ ಗಾಳ ಕೊಳ್ಳಬೇಕು ಅಂತ ಮಾಡಿದೆವು. ಪೇಟೆಯ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಎರಡು ಡಬ್ಬಿ ಇಟ್ಟ. ಎರಡೂ ಮುಚ್ಚಿದ ಡಬ್ಬಿ. ಒಂದರ ಮೇಲೆ 16 ಅಂತ ಬರೆದಿತ್ತು. ಇನ್ನೊಂದರ ಮೇಲೆ 4 ಅಂತ ಬರೆದಿತ್ತು. ಆಗಷ್ಟೇ ನಾವು ನೂರರ ತನಕ ಅಂಕಿ ಕಲಿತಿದ್ದೆವು. ಹೆಮ್ಮೆ ಇತ್ತು. ಅಂಗಡಿಯವನು ಬಾಯಿ ತೆರೆಯುವ ಮೊದಲೇ ನಮ್ಮಲ್ಲಿ ಒಬ್ಬಳು ಓದಿದಳು, “ಇದು ಹದಿನಾರು, ಇದು ನಾಕು.” ಕೊರವ ದೊಡ್ಡ ಮೀನು. ದೊಡ್ಡ ಮೀನಿಗೆ ದೊಡ್ಡ ನಂಬರು. ಹದಿನಾರು ಕೊಡಪ್ಪಾ ಅಂದೆವು. ನೂರು ಗಾಳದ ಡಬ್ಬಿ ತಂದೆವು.

ಮನೆಗೆ ಬಂದು ತೆರೆದು ನೋಡಿದರೆ ಏನದ? ಜೋಳದ ಕಾಳಿಗಿಂತ ಒಂಚೂರು ದೊಡ್ಡ ಗಾಳ! ಸೊಳ್ಳೆ ಹಿಡಿಯೋದಕ್ಕ ತಂದೀರೇನು ಅಂತ ಮನೆಯ ಗಂಡಸರು ನಕ್ಕರು. ಹೆಂಗಸರು ಗಾಳ ಹಿಡಿದರೆ ಹೀಗೇ ಆಗೋದು ಅಂತ ಒಬ್ಬರು ಅಂದರು. ನಮಗೆ ಸಿಟ್ಟು ಬಂತು. ಆ ಗಾಳವನ್ನೇ ಕಟ್ಟಿ ನೀರಿಗೆ ಬಿಟ್ಟೆವು. ಕೊರವ ನುಂಗಿತು. ಒಂದೇ ಸಲ ಎಳೆಯಿತು. ಗಾಳ ಸೂಜಿಯ ಹಾಗೆ ನೆಟ್ಟಗಾಗಿ ಬಂತು. ಮೀನು ಹೋಯಿತು. ಅಂಗಡಿಯವನು ಡಬ್ಬಿ ವಾಪಸ್ ತಗೊಳ್ಳಲಿಲ್ಲ. ಅವನದೇನು ತಪ್ಪು? ನಾವೇ ಕೇಳಿ ತಂದದ್ದು.

ಈಗ ಹೇಳ್ತೀವಿ, ನೆನಪಿಡ್ರಿ. ಗಾಳದ ನಂಬರು ಉಲ್ಟಾ ನಡೆಯುತ್ತದೆ. ನಂಬರು ಹೆಚ್ಚಾದಂತೆ ಗಾಳ ಸಣ್ಣದಾಗುತ್ತದೆ. 16 ಬಹಳ ಸಣ್ಣದು. 10 ಅದಕ್ಕಿಂತ ದೊಡ್ಡದು. 6 ಇನ್ನೂ ದೊಡ್ಡದು. 1 ಅದಕ್ಕಿಂತ ದೊಡ್ಡದು. ಹೊಲಿಯುವ ಕೈಸೂಜಿ ನೋಡಿಲ್ಲೇನು? ಅದರಲ್ಲೂ ನಂಬರು ಹೆಚ್ಚಾದರೆ ಸೂಜಿ ಸಣ್ಣ. ಇದೂ ಹಾಗೆ.

1 ಆದ ಮೇಲೆ ಏನು? ಅಲ್ಲಿ ಇನ್ನೊಂದು ಆಟ ಅದ. 1/0 ಅಂತ ಬರೆದಿರುತ್ತಾರೆ. ಒಂದು, ನಡುವೆ ಓರೆ ಗೆರೆ, ಆಮೇಲೆ ಸೊನ್ನೆ. ಇದು 1ಕ್ಕಿಂತ ದೊಡ್ಡ ಗಾಳ. 2/0 ಅದಕ್ಕಿಂತ ದೊಡ್ಡದು. 3/0 ಇನ್ನೂ ದೊಡ್ಡದು. ಗೆರೆ ಮತ್ತು ಸೊನ್ನೆ ಇದ್ದಲ್ಲಿ ಮಾತ್ರ ನಂಬರು ಹೆಚ್ಚಾದರೆ ಗಾಳವೂ ದೊಡ್ಡದು. ಎಲ್ಲ ಕಂಪನಿಯವರ ಗಾಳವೂ ಒಂದೇ ಅಳತೆ ಇರುವುದಿಲ್ಲ. ಒಬ್ಬರ 4 ಇನ್ನೊಬ್ಬರ 4ಕ್ಕಿಂತ ಸ್ವಲ್ಪ ಸಣ್ಣ ಇರಬಹುದು. ಅದಕ್ಕೆ ನಂಬರು ಓದಿದ ಮೇಲೆ ಡಬ್ಬಿ ತೆರೆಸಿ ಕಣ್ಣಿನಿಂದಲೂ ನೋಡಬೇಕು. ತೆರೆಯೋದಿಲ್ಲ ಅಂದರೆ ಬೇರೆ ಅಂಗಡಿಗೆ ಹೋಗ್ರಿ.

ನಂಬರು ಓದಲು ಬಂತು. ಆದರೆ ಯಾವ ಮೀನಿಗೆ ಯಾವ ನಂಬರು? ಇದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಇದು ನಮಗೆ ಮೊದಲೇ ಗೊತ್ತಿತ್ತು. ಗೊತ್ತಿದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಮೀನು ಹೆಚ್ಚುವವರು ಯಾರು? ನಾವು. ಮೀನಿನ ಹೊಟ್ಟೆ ಸೀಳುವವರು ಯಾರು? ನಾವು. ಯಾವ ಮೀನಿನ ಬಾಯಿ ಎಷ್ಟು ದೊಡ್ಡದು, ಅದರ ಹೊಟ್ಟೆಯಲ್ಲಿ ಏನು ತಿಂದದ್ದು ಇತ್ತು, ಇದನ್ನು ನಮ್ಮಷ್ಟು ನೋಡಿದವರು ಯಾರಿದ್ದಾರೆ? ಗಂಡಸರು ಮೀನಿನ ತೂಕ ನೋಡುತ್ತಾರೆ. ನಾವು ಬಾಯಿ ನೋಡಿದ್ದೇವೆ. ಗಾಳ ಕೊಳ್ಳುವಾಗ ಬೇಕಾಗುವುದು ಬಾಯಿ.

ಬಾಯಿಯ ಲೆಕ್ಕ ಹೇಳುವ ಮೊದಲು ನಿಮ್ಮ ಊರಿನದೇ ಒಂದು ಸಂಗತಿ. ನಿಮಗೆ ಖುಷಿ ಆಗ್ತದ.

ಈ ಬಸವಕಲ್ಯಾಣ ಹಿಂದೆ ಚಾಲುಕ್ಯ ರಾಜರ ರಾಜಧಾನಿ. ಆಗ ಇದರ ಹೆಸರು ಕಲ್ಯಾಣ. ಇಲ್ಲಿ ಮೂರನೆಯ ಸೋಮೇಶ್ವರ ಎಂಬ ರಾಜ ಆಳುತ್ತಿದ್ದ. ಅವನು 1138ರವರೆಗೆ ಆಳಿದ. ಅವನು ಒಂದು ದೊಡ್ಡ ಪುಸ್ತಕ ಬರೆದ. ಹೆಸರು ‘ಮಾನಸೋಲ್ಲಾಸ’. ಅದರಲ್ಲಿ ನೂರು ಅಧ್ಯಾಯಗಳಿವೆ. ಅಡುಗೆ ಇದೆ, ಆನೆ ಇದೆ, ಹಾಡು ಕುಣಿತ ಇದೆ. ಗಾಳ ಹಾಕಿ ಮೀನು ಹಿಡಿಯುವ ವಿಷಯವೂ ಇದೆ! ಆ ಭಾಗಕ್ಕೆ ‘ಮತ್ಸ್ಯವಿನೋದ’ ಎಂದು ಹೆಸರು. ಸುಮಾರು 35 ಜಾತಿಯ ಮೀನುಗಳ ಮಾತು ಅಲ್ಲಿ ಬರುತ್ತದೆ. ಯಾವ ಮೀನಿಗೆ ಯಾವ ತಿನಿಸು ಎಂದು ಬೇರೆ ಬೇರೆ ಹೇಳಿದ್ದಾನೆ. ಮೊದಲು ತಿನಿಸು ಹಾಕಿ ಮೀನಿಗೆ ರೂಢಿ ಮಾಡಬೇಕು, ಆಮೇಲೆ ಗಾಳ ಹಾಕಬೇಕು ಎಂಬ ಮಾತೂ ಇದೆ. ಸುಮಾರು 900 ವರ್ಷದ ಹಿಂದಿನ ಪುಸ್ತಕ.

ನಾವು ಇದನ್ನು ಕೇಳಿ ಬೆರಗಾದೆವು. ಆಮೇಲೆ ಒಬ್ಬಳು ಕೇಳಿದಳು, “ರಾಜಗ ಇದನ್ನೆಲ್ಲಾ ಹೇಳಿದವರು ಯಾರು?” ಒಳ್ಳೆ ಪ್ರಶ್ನೆ. ರಾಜ ಆಟಕ್ಕೆ ಮೀನು ಹಿಡಿದ. ಹೊಟ್ಟೆಗಾಗಿ ಹಿಡಿಯುವ ಮಂದಿ ಕೆರೆ ದಂಡೆಯಲ್ಲಿ ಇದ್ದೇ ಇದ್ದರು. ಅವರಿಂದ ಕೇಳದೆ ಅರಮನೆಯಲ್ಲಿ ಕೂತು ಇಷ್ಟು ಬರೆಯಲಾದೀತೇ? ನಮಗಂತೂ ಆಗಲಾರದು ಅನಿಸುತ್ತದೆ. ಪುಸ್ತಕ ಇರುವುದು ಸಂಸ್ಕೃತದಲ್ಲಿ. ದಂಡೆಯ ಮಂದಿಗೆ ಅದು ಓದಲು ಬರುತ್ತಿರಲಿಲ್ಲ. ಅದಾದ ಕೆಲವು ದಶಕಗಳಲ್ಲಿ ಇದೇ ಕಲ್ಯಾಣದಲ್ಲಿ ಬಸವಣ್ಣನವರ ಜೊತೆ ಅಂಬಿಗರ ಚೌಡಯ್ಯ ಇದ್ದರು. ದೋಣಿ ನಡೆಸುವವರು ಕನ್ನಡದಲ್ಲಿ ವಚನ ಹೇಳಿದರು. ಇರಲಿ, ಮಾತು ಎಲ್ಲೆಲ್ಲೋ ಹೋಯಿತು. ಬಾಯಿಗೆ ಬರೋಣ.

ನಮ್ಮ ಕಡೆ ಕಾರಂಜಾ ಜಲಾಶಯ ಇದೆ. ಮುಲ್ಲಾಮಾರಿ ಹೊಳೆ ಇದೆ. ಚುಳಕಿ ನಾಲಾ ಇದೆ. ಊರೂರಿಗೆ ಕೆರೆ ಇದೆ. ಇಂಥ ನೀರಿಗೆಲ್ಲ ಸಾಮಾನ್ಯವಾಗಿ ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ ಮರಿಗಳನ್ನು ಬಿಡುತ್ತಾರೆ.

ಕಾಟ್ಲಾದ ತಲೆ ದೊಡ್ಡದು. ಬಾಯಿ ಮೇಲಕ್ಕೆ ತಿರುಗಿದೆ. ಯಾಕೆ? ಅದು ನೀರಿನ ಮೇಲ್ಭಾಗದಲ್ಲಿ ತಿನ್ನುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ನೀರಿನ ಜೊತೆ ಎಳೆದುಕೊಳ್ಳುತ್ತದೆ. ಇದಕ್ಕೆ ಗಟ್ಟಿ ಉಂಡೆ ನಡೆಯುವುದಿಲ್ಲ. ನೀರಿನಲ್ಲಿ ಮೆಲ್ಲಗೆ ಕರಗಿ ಮೋಡದ ಹಾಗೆ ಹರಡುವ ಹಿಟ್ಟು ಬೇಕು. ಗಾಳಕ್ಕೆ ಬೀಳುವುದು ಕಷ್ಟ. ಹೊಸಬರು ಇದರ ಹಿಂದೆ ಬೀಳಬೇಡಿ.

ರೋಹು ನಡುನೀರಿನದು. ಬಾಯಿ ಸಣ್ಣ, ತುಟಿ ಸೀರೆಯ ಅಂಚಿನ ಹಾಗೆ ಸುಕ್ಕು ಸುಕ್ಕು. ಮೃಗಾಲದ ಬಾಯಿ ಕೆಳಕ್ಕೆ ಇದೆ. ಅದು ತಳದ ಕೆಸರಿನಲ್ಲಿ ತಿನ್ನುತ್ತದೆ. ಸಾಮಾನ್ಯ ಗೆಂಡೆಗೆ ನಾಲ್ಕು ಸಣ್ಣ ಮೀಸೆ. ಅದೂ ತಳದಲ್ಲಿ ಕೆದಕುತ್ತದೆ, ಬಾಯಿಯನ್ನು ಕೊಳವೆಯ ಹಾಗೆ ಮುಂದಕ್ಕೆ ಚಾಚುತ್ತದೆ. ಈ ಮೂರಕ್ಕೂ 6 ಅಥವಾ 4 ನಂಬರಿನ ಗಾಳ ಸಾಕು. ದಾರಕ್ಕೆ ಒಂದು ತೇಲುಬೆಂಡು ಕಟ್ಟಬೇಕು. ರೋಹುಗೆ ಗಾಳ ನಡುನೀರಿನಲ್ಲಿ ನಿಲ್ಲಲಿ. ಉಳಿದೆರಡಕ್ಕೆ ತಳ ಮುಟ್ಟಲಿ. ಬೆಂಡನ್ನು ಮೇಲೆ ಕೆಳಗೆ ಸರಿಸಿದರೆ ಆಯಿತು. ಕೆರೆಯಲ್ಲಿ ಸಣ್ಣ ಸಣ್ಣ ಗೆಂಡೆ ಇರುತ್ತವಲ್ಲ, ಬೆರಳುದ್ದದವು, ಅವಕ್ಕೆ 12 ನಂಬರು. ನಮ್ಮ 16ರ ಡಬ್ಬಿಯೂ ಮಕ್ಕಳ ಕೈಯಲ್ಲಿ ಅವಕ್ಕೇ ಖರ್ಚಾಯಿತು. ಪೂರ್ತಿ ದಂಡ ಆಗಲಿಲ್ಲ ಅನ್ನಿ.

ಇವಕ್ಕೆ ತಿನಿಸು ಮನೆಯಲ್ಲೇ ಇದೆ. ಪೊಟ್ಟಣದ್ದು ಕೊಳ್ಳಬೇಡಿ. ಶೇಂಗಾ ಹಿಂಡಿಯನ್ನು ನೆನೆ ಹಾಕಿ. ಅದಕ್ಕೆ ಗೋಧಿ ಹಿಟ್ಟು ಕಲಸಿ. ಜೋಳದ ಹಿಟ್ಟು ಒಂದೇ ಹಾಕಿದರೆ ಜಿಗುಟು ಸಾಲದು, ಬೇಗ ಉದುರುತ್ತದೆ. ಒಂದು ಚಿಟಿಕೆ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಹಿಟ್ಟಿನಲ್ಲಿ ಸೇರಿಸಿ. ಆಗ ಉಂಡೆ ಗಾಳಕ್ಕೆ ಅಂಟಿಕೊಂಡು ಇರುತ್ತದೆ. ಸರಿಯಾಗಿದೆಯೋ ಇಲ್ಲವೋ ಹೇಗೆ ನೋಡುವುದು? ಒಂದು ಲೋಟ ನೀರಿಗೆ ಉಂಡೆ ಹಾಕಿ. ಒಂದರಿಂದ ನೂರರ ತನಕ ಎಣಿಸಿ. ಅಷ್ಟರೊಳಗೆ ಕರಗಿದರೆ ಇನ್ನೂ ಹಿಟ್ಟು ಬೇಕು. ಗಾಳ ಹಾಕುವ ಜಾಗದಲ್ಲಿ ಎರಡು ಮೂರು ದಿನ ಮೊದಲೇ ಒಂದು ಹಿಡಿ ಉಂಡೆ ಹಾಕುತ್ತ ಬನ್ನಿ. ನಮ್ಮ ಅತ್ತೆಯಂದಿರು ಹೀಗೇ ಮಾಡುತ್ತಿದ್ದರು. ಸೋಮೇಶ್ವರ ರಾಜನೂ ಹೀಗೇ ಮಾಡು ಅಂತಾನೆ.

ಬಾಳೆ ಮೀನು ಬೇರೆ ಜಾತಿ. ಬಾಯಿ ತೆರೆದರೆ ಕಣ್ಣಿನ ಹಿಂದಿನ ತನಕ ಸೀಳು. ಬಾಯಿ ತುಂಬ ಹಲ್ಲು. ಇದಕ್ಕೆ 3/0 ಅಥವಾ 4/0 ಬೇಕು. ಗಾಳದ ಹತ್ತಿರ ಒಂದು ಗೇಣು ಸಣ್ಣ ತಂತಿ ಕಟ್ಟಬೇಕು. ಇಲ್ಲದಿದ್ದರೆ ದಾರ ಕಡಿದು ಹಾಕುತ್ತದೆ.

ಈಗ ಕೊರವ. ನಮ್ಮನ್ನು ಸೋಲಿಸಿದ ಮೀನು. ಅಗಲ ಬಾಯಿ, ಚೂಪು ಹಲ್ಲು, ಗಟ್ಟಿ ದವಡೆ. ಇದಕ್ಕೆ 1/0ಯಿಂದ 3/0 ತನಕ ನಡೆಯುತ್ತದೆ. ಜೊಂಡಿನಲ್ಲಿ, ತಾವರೆ ಎಲೆಯ ಕೆಳಗೆ ಅಡಗಿರುತ್ತದೆ. ಮೇಲೆ ಕಪ್ಪೆ ಹಾರಿದರೆ ಗಬಕ್ಕನೆ ನುಂಗುತ್ತದೆ. ಹಿಂದೆ ನಾವು ಜೀವಂತ ಕಪ್ಪೆಯನ್ನೇ ಗಾಳಕ್ಕೆ ಕಟ್ಟುತ್ತಿದ್ದೆವು. ಈಗ ಬಿಟ್ಟಿದ್ದೇವೆ. ಕಪ್ಪೆ ಹೊಲದ ಹುಳ ತಿನ್ನುತ್ತದೆ. ನಮ್ಮ ಹೊಲಕ್ಕೂ ಅದು ಬೇಕು. ಕಟ್ಟುವಾಗ ಅದು ಕೂಗುವುದನ್ನು ಕೇಳುವುದೂ ಕಷ್ಟ.

ಈಗ ಅಂಗಡಿಯಲ್ಲಿ ರಬ್ಬರಿನ ಕಪ್ಪೆ ಸಿಗುತ್ತದೆ. ಇದರ ಹಿಂದೆ ಒಂದು ಕಥೆ ಇದೆ. ಅಮೆರಿಕ ದೇಶದಲ್ಲಿ ಬಾಸ್ ಎಂಬ ಮೀನು ಇದೆ. ಅದೂ ನಮ್ಮ ಕೊರವದ ಹಾಗೆ ಸಿಹಿನೀರಿನ ಕಳೆಯಲ್ಲಿ ಅಡಗಿ ಕಪ್ಪೆ, ಸಣ್ಣ ಮೀನು ನುಂಗುತ್ತದೆ. ಅಲ್ಲಿ ಮಿಶಿಗನ್ ಎಂಬ ರಾಜ್ಯದಲ್ಲಿ ಜೇಮ್ಸ್ ಹೆಡನ್ ಎಂಬವರು ಇದ್ದರು. ಜೇನು ಸಾಕುವವರು. ಒಂದು ದಿನ ಕೆರೆ ದಂಡೆಯಲ್ಲಿ ಕೂತು ಕಟ್ಟಿಗೆ ಕೆತ್ತುತ್ತಿದ್ದರಂತೆ. ಕೆತ್ತಿದ ತುಂಡನ್ನು ನೀರಿಗೆ ಎಸೆದರಂತೆ. ಬಾಸ್ ಮೀನು ಹಾರಿ ಅದನ್ನು ಹೊಡೆಯಿತಂತೆ. ಆಮೇಲೆ, ಸುಮಾರು 1898ರಲ್ಲಿ, ಅವರು ಕಟ್ಟಿಗೆಯ ಕಪ್ಪೆ ಮಾಡಿ ಗಾಳ ಜೋಡಿಸಿದರು. 1949ರಲ್ಲಿ ಅದೇ ದೇಶದ ಒಹಾಯೊ ರಾಜ್ಯದಲ್ಲಿ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ಕೊಸ್ಮಾ ಕ್ರೀಮ್ ಮೆತ್ತನೆಯ ಪ್ಲಾಸ್ಟಿಕ್ ಎರೆಹುಳ ಮಾಡಿದರು. ದೊಡ್ಡ ಕಾರ್ಖಾನೆಯಲ್ಲಿ ಅಲ್ಲ, ತಮ್ಮ ಮನೆಯಲ್ಲಿ. ಹೆಂಗಸರು ಗಾಳ ಮುಟ್ಟಬಾರದು ಅಂದವರಿಗೆ ನಾವು ಈ ಕೊಸ್ಮಾ ಅಕ್ಕನ ಹೆಸರು ಹೇಳುತ್ತೇವೆ.

ರಬ್ಬರ್ ಕಪ್ಪೆ ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ. ಬಣ್ಣ ನಮ್ಮ ಕಣ್ಣಿಗೆ ಹಚ್ಚಿದ್ದು. ಬೆರಳಿನಿಂದ ಕಪ್ಪೆಯ ಬೆನ್ನು ಒತ್ತಿ ನೋಡಿ. ಒಳಗೆ ಟೊಳ್ಳು ಇರಬೇಕು. ಒತ್ತಿದಾಗ ಬೆನ್ನಿನ ಮೇಲೆ ಮಲಗಿದ ಎರಡು ಗಾಳ ಹೊರಗೆ ಎದ್ದು ಬರಬೇಕು. ಬಿಟ್ಟಾಗ ಮತ್ತೆ ಮಲಗಬೇಕು. ಹಾಗಿದ್ದರೆ ಕಳೆಗೆ ಸಿಗಿಬೀಳುವುದಿಲ್ಲ, ಮೀನು ಕಚ್ಚಿದಾಗ ಮಾತ್ರ ಚುಚ್ಚುತ್ತದೆ. ಒತ್ತಲು ಗಟ್ಟಿ ಇದ್ದರೆ ಬೇಡ. ಬಕೆಟ್ ನೀರಿನಲ್ಲಿ ಬಿಟ್ಟು ನೋಡಿ. ಹೊಟ್ಟೆ ಕೆಳಗೆ, ಬೆನ್ನು ಮೇಲೆ ಇರಬೇಕು. ಮಗುಚಿ ಬಿದ್ದರೆ ಅದೂ ಬೇಡ. ಒಂದು ರಬ್ಬರ್ ಕಪ್ಪೆಯ ಬೆಲೆಯಲ್ಲಿ ಬಹಳ ಗಾಳ ಬರುತ್ತವೆ. ಅದಕ್ಕೆ ಗುಂಪಿಗೆ ಒಂದು ಕೊಂಡೆವು. ಅದನ್ನು ನೋಡಿ ಹಳೆಯ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ನಾಲ್ಕು ಮಾಡಿದೆವು. ಅಂದ ಇಲ್ಲ. ಕೊರವಕ್ಕೆ ಅಂದ ಬೇಕಾಗಿಯೂ ಇಲ್ಲ. ನಾಲ್ಕರಲ್ಲಿ ಎರಡು ಕೆಲಸ ಮಾಡಿದವು.

ಒಂದು ಮಾತು ಮಾತ್ರ ಜೋರಾಗಿ ಹೇಳುತ್ತೇವೆ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಕೆಂಪು ಸಣ್ಣ ಮರಿಗಳ ಗುಂಪು ಕಾಣುತ್ತದೆ. ಕುಂಕುಮ ಚೆಲ್ಲಿದ ಹಾಗೆ. ಅವು ಕೊರವದ ಮರಿ. ಕೆಳಗೆ ತಾಯಿ ತಂದೆ ಕಾಯುತ್ತಿರುತ್ತವೆ. ಅಲ್ಲಿ ಕಪ್ಪೆ ಎಸೆದರೆ ಸಿಟ್ಟಿನಿಂದ ಬಂದು ಕಚ್ಚುತ್ತವೆ. ಹಿಡಿಯುವುದು ಬಹಳ ಸುಲಭ. ಆದರೆ ಕಾಯುವವರು ಹೋದರೆ ಆ ನೂರಾರು ಮರಿಗಳನ್ನು ಬೇರೆ ಮೀನು, ಹಕ್ಕಿ ತಿಂದು ಹಾಕುತ್ತವೆ. ನಾವು ಒಮ್ಮೆ ಹಾಗೆ ಹಿಡಿದೆವು. ದೊಡ್ಡ ಮೀನು, ಒಳ್ಳೆ ದರ ಬಂತು. ಮುಂದಿನ ವಾರ ಅಲ್ಲಿ ನೋಡಿದರೆ ಒಂದು ಮರಿಯೂ ಇರಲಿಲ್ಲ. ಮರುವರ್ಷ ಆ ಮೂಲೆಯಲ್ಲಿ ಕೊರವ ಸಿಗಲೇ ಇಲ್ಲ. ಮರಿ ಕಂಡರೆ ಗಾಳ ಸುತ್ತಿಕೊಂಡು ಬೇರೆ ಕಡೆ ಹೋಗ್ರಿ.

ದಾರದ ಮಾತು. ನೈಲಾನ್ ದಾರದ ಉರುಳೆಯ ಮೇಲೆ ಎರಡು ಅಳತೆ ಇರುತ್ತವೆ. ಒಂದು ದಪ್ಪ. 0.25, 0.40 ಹೀಗೆ. ಮಿಲಿಮೀಟರ್ ಲೆಕ್ಕ. ಚುಕ್ಕೆ ನೋಡಿ ಹೆದರಬೇಡಿ. ಪೈಸೆಯ ಹಾಗೆ ಓದಿ. 25 ಪೈಸೆ ದೊಡ್ಡದೋ 40 ಪೈಸೆ ದೊಡ್ಡದೋ? ಇಲ್ಲಿ ಉಲ್ಟಾ ಇಲ್ಲ. ಹೆಚ್ಚು ಅಂದರೆ ದಪ್ಪ. ಇನ್ನೊಂದು ಕಿಲೋ. ಎಷ್ಟು ಭಾರಕ್ಕೆ ಹರಿಯುತ್ತದೆ ಎಂಬ ಲೆಕ್ಕ. ಸಣ್ಣ ಗೆಂಡೆಗೆ 0.20 ಸಾಕು. ರೋಹು, ಮೃಗಾಲಕ್ಕೆ 0.35. ಕೊರವಕ್ಕೆ ಜೊಂಡಿನಿಂದ ಎಳೆಯಬೇಕು, 0.50 ಇರಲಿ. ಅಂಗಡಿಯ ಬಾಗಿಲಲ್ಲಿ ಬಿಸಿಲಿಗೆ ತೂಗು ಹಾಕಿದ ದಾರ ಬೇಡ. ಬಿಸಿಲಿಗೆ ನೈಲಾನು ಶಕ್ತಿ ಕಳೆದುಕೊಳ್ಳುತ್ತದೆ. ಒಳಗಿನಿಂದ ಕೊಡು ಅನ್ನಿ. ಹರಿದ ದಾರವನ್ನು ದಂಡೆಯಲ್ಲಿ ಬಿಡಬೇಡಿ. ನಮ್ಮ ಊರಲ್ಲಿ ಒಂದು ಕೊಕ್ಕರೆ ಕಾಲಿಗೆ ಸುತ್ತಿಕೊಂಡು ಸತ್ತಿತ್ತು. ಕುರಿಗಳ ಕಾಲಿಗೂ ಸುತ್ತುತ್ತದೆ.

ಗಂಟು ಬಿಗಿಯುವ ಮೊದಲು ದಾರವನ್ನು ನೀರಿನಲ್ಲಿ ಒದ್ದೆ ಮಾಡಿ. ಒಣ ದಾರ ಬಿಗಿದರೆ ಉಜ್ಜಿ ಬಿಸಿಯಾಗಿ ಅಲ್ಲೇ ಹರಿಯುತ್ತದೆ. ದಾರಕ್ಕೆ ಸೀಸದ ಗುಂಡು ಹಾಕುತ್ತೇವಲ್ಲ, ಅದನ್ನು ಹಲ್ಲಿನಿಂದ ಕಚ್ಚಿ ಒತ್ತಬೇಡಿ. ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಸೀಸ ವಿಷ. ಬಸುರಿಯರಿಗೆ, ಮಕ್ಕಳಿಗೆ ಇನ್ನೂ ಕೆಟ್ಟದ್ದು. ಇಕ್ಕಳದಿಂದ ಒತ್ತಿ. ಮುಟ್ಟಿದ ಕೈ ತೊಳೆದುಕೊಂಡು ರೊಟ್ಟಿ ಮುಟ್ಟಿ. ಗಾಳ ಬೆರಳಿಗೆ ಆಳವಾಗಿ ಚುಚ್ಚಿದರೆ ಎಳೆಯಬೇಡಿ, ಅದಕ್ಕೆ ಹಿಂದಕ್ಕೆ ಮುಳ್ಳು ಇರುತ್ತದೆ. ದಾರ ಕತ್ತರಿಸಿ ಆಸ್ಪತ್ರೆಗೆ ಹೋಗಿ. ಧನುರ್ವಾಯು ಸೂಜಿ ಹಾಕಿಸಿಕೊಳ್ಳಿ. ಮೂರು ಕೊಂಡಿಯ ಗಾಳ ಮಕ್ಕಳಿರುವ ಮನೆಗೆ ತರಲೇಬೇಡಿ.

ಕೋಲು? ಬಿದಿರು ಸಾಕು. ತುದಿ ಬಾಗಬೇಕು, ಬುಡ ಬಾಗಬಾರದು.

ಕೆರೆಯಲ್ಲಿ ಗಾಳ ಹಾಕುವ ಮೊದಲು ಮೀನಿನ ಹಕ್ಕು ಯಾರದು ಕೇಳಿ. ಮೀನುಗಾರರ ಸಂಘದ್ದು ಇರಬಹುದು, ಗುತ್ತಿಗೆದಾರರದ್ದು ಇರಬಹುದು. ಒಪ್ಪಿಗೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಓದಿ ನೋಡಿ, ಆಮೇಲೆ ಸಹಿ ಮಾಡಿ. ನಮಗೆ ಮೊದಲು ಬಾಯಿಮಾತಿನಲ್ಲಿ ಆಯಿತು ಅಂದಿದ್ದರು. ಮೀನು ಸಿಕ್ಕಿದ ದಿನ ಇಲ್ಲ ಅಂದರು. ಚೀಟಿ ಬಂದ ಮೇಲೆ ಜಗಳ ನಿಂತಿತು.

ಸರಿ, ಈಗ ನಿಮ್ಮ ಕೆಲಸ. ಐದು ಪೊಟ್ಟಣ ತಂದಿದ್ದೇವೆ. ಒಂದೊಂದು ಸಾಲಿಗೆ ಒಂದೊಂದು ಕೊಡುತ್ತೇವೆ. ತೆರೆಯಬೇಡಿ. ಮೊದಲು ಮೇಲಿನ ನಂಬರು ಓದಿ. ಅದು ಯಾವ ಮೀನಿನ ಬಾಯಿಗೆ ಆಗುತ್ತದೆ ಅಂತ ಪಾಟಿಯ ಮೇಲೆ ಬರೆಯಿರಿ. ಆಮೇಲೆ ತೆರೆದು ನೋಡೋಣ. ಮೂಲೆಯಲ್ಲಿ ಕೂತ ಅಕ್ಕಾ, ನಿಮ್ಮ ಕೈಯಾಗಿನದು ಎಷ್ಟು ಅದ? ಗೆರೆ ಅದನೋ ಇಲ್ಲೋ, ಚಲೋ ನೋಡಿ ಹೇಳ್ರಿ.